ಕ್ಯಾಂಪರ್ ಟ್ರೇಲರ್‌ನಾಗ ಉಪಯೋಗಕ್ಕ ಬರದ ಫ್ರಿಡ್ಜ್, ಹೀಟರ್ ಜಾಗಕ್ಕ ಕಪಾಟು ಮಾಡಿಸ್ಬೇಕಂತೀನಿ, ಹೆಂಗ ಮಾಡ್ಲಿ?

ಎರೆನೆಲ_ರಾಯಚೂರು

ನಮಸ್ಕಾರ್ರಿ ಎಲ್ಲಾರಿಗೂ. ಹೈದರಾಬಾದ್ ಕಡೆಯವ್ರ ಹತ್ರ ಒಂದು ಸೆಕೆಂಡ್ ಹ್ಯಾಂಡ್ ಸಣ್ಣ ಕ್ಯಾಂಪರ್ ಟ್ರೇಲರ್ ತೊಗೊಂಡೀನಿ, ಒಂದೇ ಆಕ್ಸಲ್, ಒಳಗ 10 ಅಡಿ ಉದ್ದ ಅಷ್ಟೇ, ಫೈಬರ್ ಬಾಡಿ, ಬೊಲೆರೊಕ್ಕ ಹಾಕಿ ಎಳೀತೀನಿ. ಮೊದಲಿನ ಮಾಲೀಕರು ಶೋಕಿ ಮನುಷ್ಯರು ಅನಸ್ತದ, ಫಾರಿನ್ ಗಾಡಿಯೊಳಗ ಏನೇನಿರ್ತದ ಅದೆಲ್ಲಾ ತರಿಸಿ ಕೂಡ್ಸ್ಯಾರ. ಗ್ಯಾಸ್, 12 ವೋಲ್ಟ್ ಬ್ಯಾಟರಿ, ಮನಿ ಕರೆಂಟ್ ಮೂರರ ಮ್ಯಾಲೂ ನಡಿಯೋ ಫ್ರಿಡ್ಜ್ ಒಂದು, ಅದರ ಬಾಜೂಕ ಕೆಳಗ ಗ್ಯಾಸ್ ರೂಮ್ ಹೀಟರ್, ಮ್ಯಾಲ ಮೈಕ್ರೋವೇವ್.

ರಾಯಚೂರಾಗ ಕುಂತು ರೂಮ್ ಹೀಟರ್ ತೊಗೊಂಡು ಏನ್ ಮಾಡ್ಲಿ ಹೇಳ್ರಿ, ಏಪ್ರಿಲ್ ಮೇ ಬಂದ್ರ ಇಲ್ಲಿ 42-43 ಡಿಗ್ರಿ, ಟ್ರೇಲರ್ ಬಾಗ್ಲಾ ತೆಗದ್ರ ಮುಖಕ್ಕ ಝಳ ಹೊಡೀತದ. ಫ್ರಿಡ್ಜ್ ಅಂತೂ ಡಿಸೆಂಬರ್‌ದಾಗ ಸ್ವಲ್ಪ ತಣ್ಣಗ ಮಾಡ್ತದ, ಬ್ಯಾಸಗ್ಯಾಗ ನೀರಿನ ಬಾಟ್ಲಿ ಇಟ್ರ ಇಟ್ಟಂಗೇ ಇರ್ತದ. ಮೈಕ್ರೋವೇವ್ ನಮ್ಮ ಸಣ್ಣ ಇನ್ವರ್ಟರ್ ಎಳಿಯಂಗಿಲ್ಲ. ಅಂದ್ರ ಮೂರೂ ದಂಡ. ಈ ಕಡೆ ನೋಡಿದ್ರ ಸಾಮಾನು ಇಡಾಕ ಜಾಗಿಲ್ಲ, ನಾವಿಬ್ರು, ಎರಡು ಹುಡುಗ್ರು, ಜತಿಗಿ ನಮ್ಮವ್ವ, ಹಾಸಿಗಿ ಕೌದಿ ರೊಟ್ಟಿ ಡಬ್ಬಿ ಬಟ್ಟಿ ಎಲ್ಲಾ ನಡು ದಾರ್ಯಾಗೇ ಬಿದ್ದಿರ್ತಾವ, ರಾತ್ರಿ ಯಾರರೆ ಎದ್ರ ಒಬ್ರ ಮ್ಯಾಲ ಒಬ್ರು ಎಡವೋದೇ.

ಫ್ರಿಡ್ಜ್ ಜಾಗ 19 ಇಂಚು ಅಗಲ, 32 ಎತ್ತರ, 20 ಆಳ ಅದ. ಹೀಟರ್‌ದು ಒಂದಡಿ ಚಿಲ್ರೆ, ಹೊರಗಿನ ಗೋಡಿಗೆ ಅದರ ಹೊಗಿ ಹೋಗೋ ತೂತು ಅದ. ನಮ್ಮ ಬಡಿಗ್ಯಾರು ಅಂತಾರ, ಎಲ್ಲಾ ಕಿತ್ತಿ ಒಗದು 18 ಎಂಎಂ ಪ್ಲೈ ಹಾಕಿ ಸನ್‌ಮೈಕಾ ಅಂಟಸ್ತೀನಿ, ಎರಡು ದಿನದ ಕೆಲಸ ಅಂತ. ಮನಿ ಕಪಾಟು ಮಾಡೋರು ಅವ್ರು, ಅದಕ್ಕ ಸ್ವಲ್ಪ ಡೌಟ್ ಬಂತು. ಗ್ಯಾಸ್ ಪೈಪ್ ಏನ್ ಮಾಡಬೇಕು, ಹೊರಗಿನ ಜಾಳಗಿ ಮುಚ್ಚಬೇಕೋ ಬಿಡಬೇಕೋ, ತೂಕದ್ದು ಏನರೆ ಲೆಕ್ಕ ಇರ್ತದೇನು? ಮಾಡ್ಸಿದವ್ರು ಇದ್ರ ಹೇಳ್ರಿ. ಸಾಣಾಪುರ, ಆನೆಗೊಂದಿ, ಮುದಗಲ್ ಕಡೆ ಹೋಗೋದೇ ಹೆಚ್ಚು, ದೂರ ಅಂದ್ರ ಸಂಡೂರು.

ಗಂಗಾವತಿ_ವೆಲ್ಡರ್

ನಮಸ್ಕಾರ ಅಣ್ಣಾರ. ನಾನು ಫ್ಯಾಬ್ರಿಕೇಷನ್ ಮಾಡಾಂವ, ಟ್ರ್ಯಾಕ್ಟರ್ ಟ್ರೇಲಿ, ಟಾಟಾ ಏಸ್ ಬಾಡಿ ಇಂಥಾವು, ಊಟದ ಗಾಡಿನೂ ಮಾಡಿ ಕೊಟ್ಟೀನಿ, ಹಿಂಗಾಗಿ ಗ್ಯಾಸಿಂದು ಗೊತ್ತೈತಿ. ಬಡಿಗ್ಯಾರಿಗೆ ಇನ್ನೂ ಕೈ ಹಚ್ಚಾಕ ಬಿಡಬ್ಯಾಡ್ರಿ, ಮೊದ್ಲ ಗ್ಯಾಸ್ ಕೆಲಸ ಮುಗೀಬೇಕು.

ಸಿಲಿಂಡರ್ ಬಿಚ್ಚಿ ಹೊರಗ ದೂರ ಇಡ್ರಿ. ಆಮ್ಯಾಲ ಫ್ರಿಡ್ಜಿಗೂ ಹೀಟರಿಗೂ ಹೋಗೋ ಪೈಪು ಎಲ್ಲಿ ಟೀ (ಕವಲಿನ ಜಾಯಿಂಟ್) ಒಡದೈತಿ ನೋಡ್ರಿ, ಡಮ್ಮಿ, ಅಂದ್ರ ಪೈಪಿನ ಬಾಯಿ ಮುಚ್ಚೋ ಕ್ಯಾಪ್, ಹಾಕೋದು ಅಲ್ಲೇ ಹಾಕ್ಬೇಕು, ಫ್ರಿಡ್ಜ್ ಹಿಂದಿನ ತುದಿಗಲ್ಲ. ತುದಿಗೆ ಹಾಕಿದ್ರ ಅಲ್ಲೀತನ ಪೈಪಿನ್ಯಾಗ ಗ್ಯಾಸ್ ನಿಂತೇ ಇರ್ತೈತಿ, ನಾಳೆ ನೀವು ಅಲ್ಲೇ ಡ್ರಾ ಕೂಡ್ಸಾಕ ಡ್ರಿಲ್ ಹೊಡದ್ರ ಏನ್ ಗತಿ. ವಾಲ್ ಬಂದ್ ಮಾಡಿ ಟೇಪ್ ಸುತ್ತಿದ್ರ ಆತು ಅನ್ನೋರು ಅದಾರ, ಅವರ ಮಾತು ಕಿವಿಗೇ ಹಾಕ್ಕೋಬ್ಯಾಡ್ರಿ, ಸರಿಯಾದ ಅಳತಿ ಪಿತ್ತಾಳಿ ಕ್ಯಾಪ್ ಬೇಕು. ಹೋಟೆಲ್, ಕಲ್ಯಾಣ ಮಂಟಪಕ್ಕ ಗ್ಯಾಸ್ ಲೈನ್ ಎಳಿಯೋರನ್ನ ಕರೀರಿ, ಅರ್ಧ ತಾಸಿನ ಕೆಲಸ ಅವರಿಗೆ. ಮುಗದ ಮ್ಯಾಲ ಸಿಲಿಂಡರ್ ಹಚ್ಚಿ ಎಲ್ಲಾ ಜಾಯಿಂಟಿಗೂ ಸಾಬೂನು ನೀರು ಹಚ್ಚಿ ಗುಳ್ಳಿ ಬರತಾವೇನು ನೋಡ್ರಿ. ಕಡ್ಡಿ ಗೀರಿ ನೋಡೋರೂ ಇರ್ತಾರ ನಮ್ಮಲ್ಲಿ, ಬ್ಯಾಡ. ಅಡಗಿ ಒಲಿಗೆ ಬರೋ ರಬ್ಬರ್ ಪೈಪ್ ಯಾವ ವರ್ಷದ್ದು ಅಂತನೂ ಆಗಲೇ ನೋಡ್ಕೋರಿ, ಸುರಕ್ಷಾ ಪೈಪಿಗೆ 5 ವರ್ಷ ಅಷ್ಟೇ ಆಯುಷ್ಯ.

ಎರಡನೇದು ಆ ಫ್ರಿಡ್ಜು. ಅದು ಮನ್ಯಾಗಿನ ಕಂಪ್ರೆಸರ್ ಫ್ರಿಡ್ಜ್ ಅಲ್ಲ, ಒಳಗ ಅಮೋನಿಯಾ, ನೀರು, ಹೈಡ್ರೋಜನ್ ಪ್ರೆಷರ್‌ನ್ಯಾಗ ಇರ್ತಾವು, ತುಕ್ಕು ಹಿಡೀಬಾರ್ದಂತ ಸೋಡಿಯಂ ಕ್ರೋಮೇಟ್ ಅನ್ನೋ ವಿಷದ ಉಪ್ಪು ಬ್ಯಾರೆ ಹಾಕಿರ್ತಾರ. ಹಿಂದಿನ ಪೈಪ್ ಮ್ಯಾಲ ಹಳದಿ ಕಲೆ ಕಂಡ್ರ ಕೈಲೆ ಮುಟ್ಟಬ್ಯಾಡ್ರಿ, ಅದು ಸೋರೇತಿ ಅಂತ ತಿಳ್ಕೋರಿ. ಗುಜರಿಯಾಂವಗ ಕೊಟ್ರ ತಾಮ್ರ ಐತೇನೋ ಅಂತ ಅಲ್ಲೇ ಕಟರ್ ಹಚ್ತಾನ, ಒಳಗಿರೋದು ಬರೇ ಕಬ್ಬಿಣದ ಪೈಪು, ಹೇಳೇ ಕೊಡ್ರಿ. ನಡಿಯೋ ಫ್ರಿಡ್ಜ್ ಇದ್ರ ಮಾರೋದೇ ಛಲೋ, ಊಟಿ ಕೊಡಗಿನ ಕಡೆಯವ್ರು ಯಾರರೆ ತೊಗೋತಾರ. ನಿಮ್ಮ ಬಿಸಿಲಿಗೆ ಅದು ನಡಿಯಾಂಗಿಲ್ಲ ಅನ್ನೋದು ಖರೇ. ಹಿಂದ ಲೇಬಲ್ ಮ್ಯಾಲ ಎಸ್‌ಎನ್ ಅಂತ ಕ್ಲಾಸ್ ಬರದಿದ್ರ ಅದು 10ರಿಂದ 32 ಡಿಗ್ರಿತನ ಮಾಡಿದ್ದು. ಹಿಂದಿನ ಜಾಳಗ್ಯಾಗ ಕೆಳಗಿಂದ ಗಾಳಿ ಹೊಕ್ಕು ಮ್ಯಾಲ ಹೋಗಿ ಆ ಪೈಪು ತಂಪು ಮಾಡ್ಬೇಕು, ಹೊಕ್ಕೋ ಗಾಳಿನೇ 42 ಇದ್ರ ಅದೇನ್ ತಂಪು ಮಾಡೀತು.

ಈಗ ಜಾಳಗಿ ವಿಷಯ, ಇದು ಮುಖ್ಯ. ಹೊರಗ ಕೆಳಗೊಂದು ಮ್ಯಾಲೊಂದು ಎರಡು ಜಾಳಗಿ ಅದಾವಲ್ಲ, ಫ್ರಿಡ್ಜ್ ತೆಗದ್ರ ಆ ಎರಡೂ ಸೀದಾ ನಿಮ್ಮ ಕಪಾಟಿನ್ಯಾಗ ತೆರೀತಾವು. ಗಾಡಿ ಓಡೋವಾಗ ಎಲ್ಲಿ ಸಂದಿ ಐತಿ ಅಲ್ಲಿಂದ ಧೂಳು ಒಳಗ ಎಳೀತೈತಿ. ಸಿಂಧನೂರು ದಾರಿ ಎರಿಮಣ್ಣಿನ ಧೂಳು, ಸಂಡೂರು ಕಡೆ ಹೋದ್ರ ಅದಿರು ಲಾರಿ ಕೆಂಪು ಧೂಳು, ಕೌದಿ ಬಣ್ಣನೇ ಬ್ಯಾರೆ ಆಗ್ತೈತಿ. ಹೊರಗಿನ ಜಾಳಗಿ ಕೀಳಬ್ಯಾಡ್ರಿ, ನೋಡಾಕ ಹಂಗೇ ಇರ್ಲಿ, ಅದರ ಹಿಂದ ಒಳಗಿನ ಕಡಿಂದ ಎಸಿಪಿ ಶೀಟ್ (ನಡುವ ಪ್ಲಾಸ್ಟಿಕ್, ಎರಡೂ ಕಡೆ ಅಲ್ಯುಮಿನಿಯಂ ಇರೋದು) ಇಲ್ಲಾ ತೆಳ್ಳನ ಅಲ್ಯುಮಿನಿಯಂ ಶೀಟ್ ಕತ್ತರಿಸಿ ಸುತ್ತಲೂ ಬ್ಯೂಟೈಲ್ ಟೇಪ್ (ಅಂಟಂಟು ರಬ್ಬರ್ ಟೇಪ್) ಹಾಕಿ ಸ್ಕ್ರೂ ಬಿಗೀರಿ. ಸಿಲಿಕೋನ್ ಬಳದು ಪರ್ಮನೆಂಟ್ ಮಾಡಬ್ಯಾಡ್ರಿ, ಮುಂದ ಯಾರರೆ ತೊಗೊಂಡ್ರ ಅವರಿಗೆ ಫ್ರಿಡ್ಜ್ ಬೇಕಾಗಬಹುದು.

ಆದ್ರ ಮುಚ್ಚೋಕಿಂತ ಮೊದ್ಲ ಒಂದು ನೋಡ್ರಿ, ಒಲಿ ಒಳಗ ಉರಸ್ತೀರಿ ಅಂದ್ರ ಗ್ಯಾಸ್ ಸೋರಿದ್ರ ಹೊರಗ ಹೋಗಾಕ ನೆಲಕ್ಕ ತೂತು ಐತೇನು? ಎಲ್‌ಪಿಜಿ ಗಾಳಿಗಿಂತ ಭಾರ, ಕೆಳಗೇ ಕುಂದರ್ತೈತಿ, ಮ್ಯಾಲಿನ ಕಿಟಕಿ ತೆಗದಿಟ್ರ ಉಪಯೋಗಿಲ್ಲ. ಕೆಲವು ಗಾಡ್ಯಾಗ ಫ್ರಿಡ್ಜಿನ ಕೆಳಗಿನ ಜಾಳಗಿನೇ ಅದಕ್ಕ ಆಸರ ಆಗಿರ್ತೈತಿ. ಅದನ್ನ ಮುಚ್ಚಿದ್ರ ಒಲಿ ಹತ್ರ ನೆಲಕ್ಕ ಬ್ಯಾರೆ ತೂತು ಹೊಡದು ಹುಳ ಬರದಂಗ ಸ್ಟೀಲ್ ಮೆಶ್ ಹಾಕ್ಸ್ರಿ. ಧೂಳು ಬರತೈತಿ ಅಂತ ಅದನ್ನೂ ಮುಚ್ಚಿದ್ರ ಮಾತ್ರ ನಾನು ಜವಾಬ್ದಾರಲ್ಲ.

ಇನ್ನ 18 ಎಂಎಂ ಪ್ಲೈ? ಬಡಿಗ್ಯಾರಿಗೆ ಕೈ ಮುಗದು ಬ್ಯಾಡ ಅನ್ರಿ. 8 ಬೈ 4ರ 12 ಎಂಎಂ ಶೀಟೇ 20 ಕೆಜಿ ಮ್ಯಾಲ ತೂಗ್ತೈತಿ, 18 ಅಂದ್ರ 30ರ ಮ್ಯಾಲ. ಪಿವಿಸಿ ಶೀಟ್ ಹಗುರ ಅಂತ ಅಂಗಡ್ಯಾಗ ಹೇಳ್ತಾರ, ಅದೇ ದಪ್ಪದ್ದು ತೂಗಿ ನೋಡಿದ್ರ ಭಾಳ ಫರಕ್ ಇರೂದಿಲ್ಲ, ನೀರಿಗೆ ಉಬ್ಬಂಗಿಲ್ಲ ಅನ್ನೋದೊಂದೇ ಲಾಭ, ಬಿಸಿಲಾಗ ನಿಂತ ಗಾಡಿಯೊಳಗ ಭಾರ ಇಟ್ರ ಜೋಲು ಬೀಳ್ತೈತಿ. ಅಲ್ಯುಮಿನಿಯಂ ಚೌಕ ಪೈಪಿನ ಫ್ರೇಮ್ ಮಾಡಿ 6 ಎಂಎಂ ಪ್ಲೈ ಹೊಂದಸ್ರಿ, ಸಾಕು. ಫ್ರಿಡ್ಜ್ ಎರಡೂ ಬಾಜೂ ಸ್ಕ್ರೂ ಹಾಕಿ ಕೂಡ್ಸಿರ್ತಾರ, ಅದು ಇರೋತನ ಆ ಡಬ್ಬಿಗೂ ಬಲ ಇರ್ತೈತಿ, ಅದು ಹೋದ್ರ ಖಾಲಿ ಬೆಂಕಿಪೆಟ್ಟಿಗಿ ಆದಂಗ ವಾಲಾಡ್ತೈತಿ. ಅದಕ್ಕ ನಟ್ಟನಡುವ ಒಂದು ಅಡ್ಡ ಖಾನೆ ಫಿಕ್ಸ್ ಇರ್ಬೇಕು, ಆ ಕಡೆ ಈ ಕಡೆ ಎಳದು ಹಿಡಿಯೋದು ಅದೇ. ಫೈಬರ್ ಗೋಡಿಗೆ ಮಾತ್ರ ಸ್ಕ್ರೂ ಹೊಡಿಬ್ಯಾಡ್ರಿ, ಹಿಡಿಯಂಗೂ ಇಲ್ಲ, ಮಳಿಗಾಲದಾಗ ಸೋರಾಕ ಹತ್ತತೈತಿ.

ಕೋಟೆ_ಕೆಳಗೆ_ಬಳ್ಳಾರಿ

ಎಲ್ರೂ ಕೀಳು ಕೀಳು ಅಂತೀರಲ್ಲ, ನಾನು ಉಲ್ಟಾ ಹೇಳ್ತೀನಿ. ಫ್ರಿಡ್ಜ್ ಕೀಳ್ಬ್ಯಾಡ್ರಿ ಬ್ರದರ್. ನಮ್ಮ ಕಡೆ ಗಾಡಿಯಾಗೆ ಸಾಮಾನು ಇಡೋಕೆ ದೊಡ್ಡ ಶತ್ರು ಧೂಳು, ಅದನ್ನ ತಡಿಯೋಕೆ ನೀವು ಎಷ್ಟು ಟೇಪ್ ಹಾಕಿದ್ರೂ ಫ್ರಿಡ್ಜ್ ಬಾಗಿಲ ರಬ್ಬರ್‌ಗೆ ಸಮ ಬರಲ್ಲ. ಅದರ ಬಾಗಿಲಿಗೆ ಟ್ರಾವೆಲ್ ಲಾಕೂ ಇರ್ತೈತೆ, ಖಾನೆನೂ ಇರ್ತಾವೆ, ಬಾಗಿಲಾಗೆ ಬಾಟ್ಲಿ ಇಡೋ ಜಾಗ ಬ್ಯಾರೆ. ನಂದು ಕಂಟೇನರ್ ಥರ ಇರೋ ಹಳೇ ಗಾಡಿ, ಅದರಾಗಿನ ಕೆಟ್ಟ ಫ್ರಿಡ್ಜನ್ನೇ ಕಪಾಟು ಮಾಡ್ಕೊಂಡೀನಿ, ಕ್ಯಾಮೆರಾ, ಔಷಧಿ, ಕಾಗದ ಪತ್ರ, ಶೇಂಗಾ ಚಟ್ನಿ ಪುಡಿ, ಅಕ್ಕಿ ಎಲ್ಲಾ ಅದರಾಗೇ. ಸುತ್ತ ಥರ್ಮಾಕೋಲ್ ಥರದ್ದು ತುಂಬಿರ್ತಾರಲ್ಲ, ಹೊರಗೆ ಬಿಸಿಲು ಸುಟ್ರೂ ಒಳಗೆ ಚಾಕೊಲೇಟ್ ಕೂಡ್ಲೇ ಕರಗಲ್ಲ, ಸಂಜಿತನಕ ತಡೀತೈತೆ. ಮುಂಜಾನೆ ಐಸ್ ತುಂಬಿದ ಬಾಟ್ಲಿ ಒಂದೆರಡು ಹಾಕಿಬಿಟ್ರೆ ಮಜ್ಜಿಗೆನೂ ಕೆಡಲ್ಲ.

ವಾಸನೆ ಬರ್ತೈತೆ ಅಂತೀರಾ, ಅಡಿಗೆ ಸೋಡಾ ನೀರಿಂದ ಒರಸಿ, ಗಾಡಿ ನಿಂತಾಗ ಬಾಗಿಲು ಸ್ವಲ್ಪ ತೆಗದಿಡ್ರಿ ಸಾಕು. ಖರ್ಚು ಸೊನ್ನೆ. ಹಾಂ, ಮಕ್ಕಳು ಆಟಕ್ಕೆ ಒಳಗೆ ಹೊಕ್ಕಂಡು ಬಾಗಿಲು ಹಾಕ್ಕೊಳ್ಳದಂಗೆ ನೋಡ್ಕೋರಿ, ಖಾನೆ ತೆಗೀದೇ ಹಂಗೇ ಇಡ್ರಿ, ಹೊರಗಿಂದ ಲಾಕ್ ಹಾಕ್ರಿ.

ಮೈಕ್ರೋವೇವ್ ಮಾತ್ರ ತೆಗೀರಿ, ಅದು ಮ್ಯಾಲೆ ಕುಂತ ಭಾರ.

ಗಂಗಾವತಿ_ವೆಲ್ಡರ್

ಬಳ್ಳಾರಿ ಅಣ್ಣಾರ ಮಾತಿನ್ಯಾಗ ಅರ್ಧ ಖರೇ ಐತಿ, ಧೂಳಿನ ವಿಷಯಕ್ಕ ನಾನು ಒಪ್ತೀನಿ. ಆದ್ರ 20 ಇಂಚು ಆಳದ ಜಾಗಾದಾಗ ಫ್ರಿಡ್ಜಿನ ಹಿಂದಿನ ಪೈಪು, ಗೋಡಿ ದಪ್ಪ ಎಲ್ಲಾ ಕಳದು ಒಳಗ ಸಿಗೋದು 12-13 ಇಂಚು, ಅಗಲಾನೂ ಎರಡೂ ಕಡೆ ಸೇರಿ 3 ಇಂಚು ಹೋಗ್ತೈತಿ. ಐದು ಮಂದಿ ಸಾಮಾನಿಗೆ ಅದು ಏನೂ ಅಲ್ಲ. ತೂಕ ಬ್ಯಾರೆ, ಬರೇ ಫ್ರಿಡ್ಜೇ 25 ಕೆಜಿ ಹತ್ರ ಇರ್ತೈತಿ. ಇಬ್ರೇ ಹೋಗೋರಿಗೆ ನಿಮ್ಮ ಐಡಿಯಾ ಅಡ್ಡಿಯಿಲ್ಲ. ಮತ್ತ ಫ್ರಿಡ್ಜ್ ಇಟ್ಕೊಂಡ್ರೂ ಗ್ಯಾಸ್ ಡಮ್ಮಿ ಹಾಕೋದು ತಪ್ಪಂಗಿಲ್ಲ, ನಿಮ್ದು ಹಾಕೀರೇನು?

ಕೋಟೆ_ಕೆಳಗೆ_ಬಳ್ಳಾರಿ

ನಂದರಾಗೆ ಗ್ಯಾಸ್ ಲೈನೇ ಇಲ್ಲ ಗುರುವೇ, ಒಲೆ ಹೊರಗಿಟ್ಟು ಮಾಡ್ತೀನಿ 🙂 ಅಳತೆ ಲೆಕ್ಕ ಒಪ್ಪಿದೆ.

ಎರೆನೆಲ_ರಾಯಚೂರು

ಇಬ್ರಿಗೂ ಥ್ಯಾಂಕ್ಸ್ ರೀ. ಇವತ್ತು ಟಾರ್ಚ್ ಹಿಡ್ಕೊಂಡು ಕೆಳಗ ಹೊಕ್ಕು ನೋಡಿದೆ, ನೆಲಕ್ಕ ಬ್ಯಾರೆ ತೂತು ಇಲ್ಲೇ ಇಲ್ಲ, ವೆಲ್ಡರ್ ಅಣ್ಣಾರು ಅಂದಂಗ ಫ್ರಿಡ್ಜಿನ ಕೆಳಗಿನ ಜಾಳಗಿನೇ ಎಲ್ಲಾ. ಹಿಂದ ಹಳದಿ ಕಲೆ ಇಲ್ಲ ಪುಣ್ಯಕ್ಕ. ಲೇಬಲ್ ಮ್ಯಾಲ ಎಸ್‌ಎನ್ ಅಂತನೇ ಅದ. ಫ್ರಿಡ್ಜ್ ತೆಗಿಯೋದು ಅಂತ ಆತು, ನಮ್ಮವ್ವಗ ಅದರ ಮ್ಯಾಲ ಮೊದ್ಲಿಂದ ಸಿಟ್ಟು.

ಇನ್ನೊಂದು ಕೇಳ್ತೀನಿ, ಒಳಗ ಖಾನೆ ಮಾಡಿಸ್ಲೋ ಡ್ರಾ ಮಾಡಿಸ್ಲೋ? ಮತ್ತ ಫ್ರಿಡ್ಜಿಗೆ ಬಂದ ವೈರ್ ದಪ್ಪ ಅದ, ಅದನ್ನ ಕತ್ತರಿಸಿ ಬಿಡ್ಲೇನು?

ಕೌಲ್‌ಬಜಾರ್_ಅಕ್ಕ

ನಾನು ಬಳ್ಳಾರಿಯಾಕಿ, ನಮ್ಮನೆಯವರ ಗಾಡಿ, ಆದ್ರೆ ಒಳಗೆ ಎಲ್ಲಿ ಏನಿರ್ಬೇಕು ಅನ್ನೋದು ನಂದೇ ರಾಜ್ಯ. ತಮ್ಮಾ, ಗಂಡಸರು ಕಪಾಟು ಮಾಡಿಸಿ ಆಮೇಲೆ ಸಾಮಾನು ಹುಡುಕ್ತೀರಿ, ಮೊದ್ಲು ಸಾಮಾನೆಲ್ಲಾ ನೆಲಕ್ಕೆ ಹರವಿ ಯಾವ್ದು ದಿನಕ್ಕೆ ಹತ್ತು ಸಲ ಬೇಕು, ಯಾವ್ದು ರಾತ್ರಿ ಒಂದೇ ಸಲ ಬೇಕು ಬ್ಯಾರೆ ಮಾಡು. ನಿನ್ನ ರೊಟ್ಟಿ ಡಬ್ಬಿ ಎಷ್ಟು ಅಗಲ ಐತೆ? ನಮ್ಮ ಖಡಕ್ ರೊಟ್ಟಿ ಡಬ್ಬಿ ಹಿಡಿಯಲ್ಲ ಅಂದ್ರೆ 19 ಇಂಚಿನ ಕಪಾಟು ತಗೊಂಡು ಏನ್ ಮಾಡ್ತೀಯ, ಡಬ್ಬಿ ಅಳತೆಗೆ ಡ್ರಾ ಮಾಡಿಸು, ಡ್ರಾ ಅಳತೆಗೆ ಡಬ್ಬಿ ಹುಡುಕ್ಬ್ಯಾಡ.

20 ಇಂಚು ಆಳಕ್ಕೆ ಖಾನೆ ಬ್ಯಾಡವೇ ಬ್ಯಾಡ, ಹಿಂದೆ ಇಟ್ಟಿದ್ದು ಊರಿಗೆ ವಾಪಸ್ ಬಂದ್ಮೇಲೇ ಸಿಗೋದು. ಕೆಳಗೆ ಒಂದು ಆಳದ ಡ್ರಾ, ಪಾತ್ರೆ, ಅಕ್ಕಿ, ಬ್ಯಾಳೆ, ಎಣ್ಣೆ ಕ್ಯಾನ್. ಅದರ ಮ್ಯಾಲೆ ತಟ್ಟೆ ಲೋಟಕ್ಕೆ ಗಿಡ್ಡ ಡ್ರಾ. ಮ್ಯಾಲಿನ ಅರ್ಧ ಹಂಗೇ ತೆರದ ಕಪಾಟು ಇರ್ಲಿ, ಕೌದಿ ಮಡಚಿ ತುರುಕೋಕೆ. ಚಾನಲ್ ಹಾಕ್ಸೋವಾಗ ಟೆಲಿಸ್ಕೋಪಿಕ್ ಚಾನಲ್, ಅದ್ರಾಗೂ ಲಾಕ್ ಇರೋದು ಕೇಳಿ ತಗೋ. ಮ್ಯಾಗ್ನೆಟ್ ಕ್ಯಾಚರ್ ಮನೆಗೆ ಸರಿ, ನಮ್ಮ ರೋಡ್ ಹಂಪ್‌ಗೆ ನಿಲ್ಲಲ್ಲ, ಒಂದು ಸಣ್ಣ ಟವರ್ ಬೋಲ್ಟ್ ಹಾಕ್ಸಿದ್ರೆ ನಿಶ್ಚಿಂತೆ. ಸ್ಟೀಲ್ ಪಾತ್ರೆ ನಡುವೆ ಹಳೇ ಟವೆಲ್ ಇಡು, ಇಲ್ದಿದ್ರೆ ದಾರಿಯುದ್ದಕ್ಕೂ ಬ್ಯಾಂಡ್ ಕಂಪನಿ.

ಮೈಕ್ರೋವೇವ್ ತೆಗದ ಜಾಗಕ್ಕೆ ಬಾಗಿಲೇ ಬ್ಯಾಡ. ಬಳ್ಳಾರಿ ಜೀನ್ಸ್ ಊರು, ಇಲ್ಲಿ ಹೊಲಿಯೋ ಕಡೆ ಕಟ್ ಪೀಸ್ ಬಟ್ಟೆ ಸಿಗ್ತೈತೆ, ದಪ್ಪ ಡೆನಿಮ್ ತಗೊಂಡು ಜೇಬು ಜೇಬು ಹೊಲಿಸಿ ಪರದೆ ಥರ ಅಡ್ಡ ಕಟ್ಟೀವಿ, ಮ್ಯಾಲೂ ಕೆಳಗೂ ರಾಡ್ ಹಾಕಿದ್ರೆ ಹಾರಲ್ಲ. ಬ್ರಷ್, ಬಾಚಣಿಕೆ, ಚಾರ್ಜರ್, ಮಕ್ಕಳ ಚಡ್ಡಿ ಬನಿಯನ್ ಎಲ್ಲಾ ಜೇಬಿನಾಗೆ. ತೂಕ ಇಲ್ಲ, ಧೂಳಾದ್ರೆ ಬಿಚ್ಚಿ ಒಗೀಬಹುದು, ಪ್ಲೈಯನ್ನ ಒಗಿಯೋಕಾಗ್ತೈತಾ? ಹೆಸರು ಬರದ ಜೇಬು ಕೊಟ್ರೆ ಹುಡುಗ್ರು ತಮ್ ಸಾಮಾನು ತಾವೇ ಇಟ್ಕೊಳ್ತಾರೆ, ಒಂದು ಹೊತ್ತು ಮಾತ್ರ 😄

ಕಿನ್ನಾಳ_ಕರೆಂಟ್

ವೈರ್ ಕತ್ತರಿಸಬ್ಯಾಡ್ರಿ ಸರ್, ನಾನು ಎಲೆಕ್ಟ್ರಿಕ್ ಕೆಲಸದಾಂವ. ಅಂಥಾ ಫ್ರಿಡ್ಜ್ 12 ವೋಲ್ಟ್ ಮ್ಯಾಲ 10 ಆಂಪ್ ಮತ್ತ ಅದಕ್ಕಿಂತ ಜಾಸ್ತಿನೂ ಎಳೀತೈತಿ, ಅದಕ್ಕೇ ಅಷ್ಟು ದಪ್ಪ ವೈರ್ ಕೊಟ್ಟಾರ. ಫ್ಯೂಸ್ ತೆಗೀರಿ, ಎರಡೂ ತುದಿಗೆ ಬ್ಯಾರೆ ಬ್ಯಾರೆ ಹೀಟ್ ಶ್ರಿಂಕ್ (ಬಿಸಿ ಮಾಡಿದ್ರ ಬಿಗಿಯೋ ಪ್ಲಾಸ್ಟಿಕ್ ಕೊಳವಿ) ಹಾಕಿ, ಕನೆಕ್ಟರ್ ಒಂದಕ್ಕ ಬಿಗದು ಮೂಲ್ಯಾಗ ಕ್ಲಾಂಪ್ ಮಾಡ್ರಿ. ಮುಂದ 12 ವೋಲ್ಟಿನ ಕಂಪ್ರೆಸರ್ ಫ್ರಿಡ್ಜ್ ಪೆಟ್ಟಿಗಿ ತೊಗೊಂಡ್ರ ಅದಕ್ಕ ಇದೇ ವೈರ್ ಬರತೈತಿ, ಅದು ನಡದಾಗ 45-60 ವ್ಯಾಟ್ ಅಷ್ಟೇ ಎಳಿಯೋದು, ನಮ್ಮ ಬಿಸಿಲಿಗೂ ತಡಕೋತೈತಿ. ಅಲ್ಲೀತನ ಕಪಾಟಿನ ಒಳಗ ಒಂದು ಎಲ್‌ಇಡಿ ಪಟ್ಟಿ ಹಾಕ್ಸ್ರಿ, ಆದ್ರ ಹಳೇ ದೊಡ್ಡ ಫ್ಯೂಸ್ ವಾಪಸ್ ಹಾಕಬ್ಯಾಡ್ರಿ, ಎಲ್‌ಇಡಿಯ ತೆಳ್ಳನ ವೈರಿಗೆ 1-2 ಆಂಪ್ ಫ್ಯೂಸ್ ಹಾಕ್ಬೇಕು.

ಮನಿ ಕರೆಂಟಿನ ಸಾಕೆಟ್ ಒಳಗೇ ಉಳದ್ರ ಅದನ್ನ ಲೈನಿಂದನೇ ಬಿಚ್ಚಸ್ರಿ. ಕೌದಿ ತುಂಬಿದ ಕಪಾಟಿನ್ಯಾಗ 230 ವೋಲ್ಟಿಂದು ಏನ್ ಕೆಲಸ. ಜಾಗ ಸಿಕ್ತಂತ ಇನ್ವರ್ಟರ್, ಬ್ಯಾಟರಿ ಅಲ್ಲಿ ತುರುಕೋ ಐಡಿಯಾ ಬಂದ್ರ ಬ್ಯಾಡ, ಜಾಳಗಿ ಮುಚ್ಚಿದ ಮ್ಯಾಲ ಅದಕ್ಕ ಗಾಳಿ ಇರಂಗಿಲ್ಲ.

ತುಂಗಭದ್ರಾ_ದಂಡಿ

ತೂಕದ ಬಗ್ಗೆ ಯಾರೂ ಪೂರಾ ಹೇಳ್ಲಿಲ್ಲ. ಮುನಿರಾಬಾದ್ ಕಡೆಯಾಂವ ನಾನು, ಟ್ರೇಲರ್ ಎಳದು ರೂಢಿ ಐತಿ. ಫ್ರಿಡ್ಜ್ ಆಕ್ಸಲ್‌ಗೆ ಮುಂದ ಐತೋ ಹಿಂದ ಐತೋ? 25 ಕೆಜಿ ತೆಗದು ಅಲ್ಲೇ 25 ಕೆಜಿ ಇಟ್ರ ಏನೂ ತೊಂದ್ರಿಲ್ಲ. ಫ್ರಿಡ್ಜ್ ಜಾಗ ಆಕ್ಸಲ್‌ಗೆ ಹಿಂದಿದ್ದು, ಜಾಗ ಸಿಕ್ತಂತ ಅದರಾಗ 50-60 ಕೆಜಿ ತುಂಬಿದ್ರ ಇಲ್ಲಾ ನೀರಿನ ಕ್ಯಾನ್ ಹೇರಿದ್ರ, ಬೊಲೆರೊಕ್ಕ ಸಿಗಸೋ ಮುಂದಿನ ಕೊಂಡಿ ಹಗುರ ಆಗಿ 70-80 ಸ್ಪೀಡಿಗೆ ಟ್ರೇಲರ್ ಬಾಲ ಆಡ್ಸಾಕ ಹತ್ತತೈತಿ. ಕೊಂಡಿ ಮ್ಯಾಲ ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಇರ್ಬೇಕು. 700 ಕೆಜಿ ಗಾಡಿ ಅಂದ್ರ 70ರಿಂದ 105. ಬೊಲೆರೊ ಹಿಂದಿನ ಬಾಲ್‌ಗೆ ಎಷ್ಟು ಭಾರ ತಡಿತೈತಿ ಅದನ್ನೂ ಮೀರಬಾರ್ದು.

ತೂಗೋದು ಸಲೀಸು. ನಿಮ್ಮ ಕಡೆ ಅಕ್ಕಿ ಮಿಲ್ಲಿಗೇನು ಕಡಿಮಿ, ಪೂರಾ ಸಾಮಾನು ಹೇರಿ ವೇಬ್ರಿಡ್ಜ್ ಮ್ಯಾಲ ಒಟ್ಟು ತೂಕ ನೋಡ್ರಿ, ಕೊಂಡಿ ತೂಕಕ್ಕ ವೇಬ್ರಿಡ್ಜ್ ಬ್ಯಾಡ, ಅದು ಐದು ಹತ್ತು ಕೆಜಿ ಲೆಕ್ಕದಾಗ ತೋರಸ್ತೈತಿ, ಚೀಲ ತೂಗೋ ಪ್ಲಾಟ್‌ಫಾರ್ಮ್ ಕಾಟಾ ಮ್ಯಾಲ ಕೊಂಡಿ ಇಡ್ರಿ, ಗಾಲಿಗೆ ತುಂಡು ಕೊಟ್ಟು, ಟ್ರೇಲರ್ ಸಮ ನಿಂತಿರ್ಬೇಕು, ಎಳಿಯೋವಾಗ ಇರೋ ಎತ್ತರಕ್ಕೇ.

ಎರೆನೆಲ_ರಾಯಚೂರು

ಆಕ್ಸಲ್‌ಗೆ ಸ್ವಲ್ಪೇ ಸ್ವಲ್ಪ ಮುಂದ ಅದ ರೀ, ಬಚಾವ್. ಅಕ್ಕಾರ ಹೇಳಿದಂಗ ನಿನ್ನೆ ಎಲ್ಲಾ ಸಾಮಾನು ಪಡಸಾಲ್ಯಾಗ ಹರವಿದ್ವಿ, ನಮ್ಮ ರೊಟ್ಟಿ ಡಬ್ಬಿ 16 ಇಂಚು, ಕೂಡ್ತದ. ಅರ್ಧ ಸಾಮಾನು ಬ್ಯಾಡಾಗಿತ್ತು ಅನ್ನೋದೂ ತಿಳೀತು, ಮೂರು ಟಾರ್ಚ್ ಯಾಕ ಒಯ್ತಿದ್ವೋ ಗೊತ್ತಿಲ್ಲ. ಗ್ಯಾಸ್ ಲೈನಿನವ್ರು ರವಿವಾರ ಬರ್ತೀನಿ ಅಂದಾರ, ಅವ್ರು ಹೋದ ಮ್ಯಾಲೇ ಬಡಿಗ್ಯಾರು. 6 ಎಂಎಂ ಅಂದ ಕೂಡ್ಲೇ ಬಡಿಗ್ಯಾರ ಮುಖ ಸಣ್ಣದಾತು, ಆದ್ರೂ ಫ್ರೇಮ್ ಮಾಡಿಕೊಡ್ರಿ ಹೊಂದಸ್ತೀನಿ ಅಂದಾರ.

ಕಡೀಕ ಹೀಟರ್ ಜಾಗ ಒಂದು ಉಳೀತು. ಅದರ ಹೊಗಿ ತೂತಿಗೆ ಏನ್ ಮಾಡ್ಲಿ, ಅದೂ ಶೀಟ್ ಹಾಕಿ ಮುಚ್ಚಿಬಿಡ್ಲೇನು?

ಗಂಗಾವತಿ_ವೆಲ್ಡರ್

ಮುಚ್ಚಬ್ಯಾಡ್ರಿ, ಅದೇ ನಿಮಗ ಛಲೋ ಜಾಗ. ಹೆಂಗೂ ಹೊರಗಿನ ಗೋಡಿಗೆ ತೂತು ಐತಿ, ಅದನ್ನೇ ಚೌಕ ಮಾಡಿ ಹೊರಗಿಂದ ತೆಗಿಯೋ ಸಣ್ಣ ಬಾಗ್ಲಾ ಕೂಡ್ಸ್ರಿ, ಮ್ಯಾಲಿನ ಕಡೆ ಪಿಯಾನೊ ಹಿಂಜ್, ಸುತ್ತಲೂ ಕಾರ್ ಡೋರಿಗೆ ಹಾಕೋ ರಬ್ಬರ್ ಬೀಡಿಂಗ್, ಕೀಲಿ ಇರೋ ಲಾಕ್. ರಬ್ಬರ್ ಬೀಡಿಂಗ್ ಹೊಸಪೇಟಿ ಆಟೊಮೊಬೈಲ್ ಅಂಗಡ್ಯಾಗ ಮೀಟರ್ ಲೆಕ್ಕದಾಗ ಸಿಗ್ತೈತಿ. ಒಳಗಿನ ಕಡೆ ಪೂರಾ ಬಂದ್ ಮಾಡಿ ಬ್ಯಾರೆ ಡಬ್ಬಿನೇ ಆಗ್ಬೇಕು, ಒಳಗಿಂದ ಸಂಬಂಧ ಇರಬಾರ್ದು. ಜಾಕು, ಗಾಲಿಗೆ ಕೊಡೋ ತುಂಡು, ನೀರಿನ ಪೈಪು, ಕೆಸರಾದ ಹಗ್ಗ, ಸಲಿಕಿ ಎಲ್ಲಾ ಅಲ್ಲಿ ಹೋಗ್ಲಿ. ಸಿಲಿಂಡರ್ ಮಾತ್ರ ಅಲ್ಲಿ ಇಡಬ್ಯಾಡ್ರಿ, ಅದು ಮುಂದ ಕೊಂಡಿ ಮ್ಯಾಲೇ ಇರ್ಲಿ.

ಕತ್ತರಿಸೋಕಿಂತ ಮೊದ್ಲ ಒಂದು ಫೋಟೋ ಹಾಕ್ರಿ, ಫೈಬರ್ ಒಳಗ ಕಬ್ಬಿಣದ ಪಟ್ಟಿ ಎಲ್ಲಿ ಹೋಗೇತಿ ನೋಡಿ ಹೇಳ್ತೀನಿ.